ಹುಲಿಯ ಖರ್ಚು ಯಾರ ಖಾತೆಗೆ?

1/5
ಕಬಿನಿಯ ಕರಿಚಿರತೆ ಫೋಟೋ ಕಂಡ್ರ ಸಾಕು, ನಾವೆಲ್ಲ ಹಾರ್ಟ್ ಒತ್ತತೀವಿ. ಆದ್ರ 2021ರ ಸೆಪ್ಟೆಂಬರ್‌ನಾಗ ಹುಬ್ಬಳ್ಳಿ ನೃಪತುಂಗ ಬೆಟ್ಟದಾಗ ಚಿರತೆ ಕಂಡಾಗ ಏನಾತು, ನೆನಪದ? ಸುತ್ತಲಿನ ಸಾಲಿಗೆ ಸೂಟಿ. ಎಲ್ಲರ ಬಾಯಾಗೂ ಒಂದೇ ಮಾತು: ಹಿಡೀರಿ, ಒಯ್ಯಿರಿ. ಅದೇ ತಿಂಗಳು ಧಾರವಾಡ ತಾಲ್ಲೂಕಿನ ಕವಲಗೇರಿಯಲ್ಲಿ ಒಂದು ಚಿರತೆ ಬೋನಿಗೆ ಬಿತ್ತು, ನಾವು ನಿರಾಳ ಆದ್ವಿ. ನಮಗದು ನಾಕು ದಿನದ ಅಂಜಿಕೆ. ಕಾಡಂಚಿನ ಊರಿನವರಿಗೆ ವರ್ಷವಿಡೀ ಅದೇ.

2/5
ಅಂಥಾ ಊರಿನ ಸುದ್ದಿ ಕೇಳ್ರಿ. 2025ರ ಜೂನ್. ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯ. ತಾಯಿ ಹುಲಿ, ನಾಲ್ಕು ಮರಿ, ಐದೂ ಸತ್ತು ಬಿದ್ದಿದ್ದವು. ಹುಲಿ ಕೊಂದ ಆಕಳಿನ ಕಳೇಬರಕ್ಕೆ ವಿಷ ಹಾಕಿದ್ದರು. ಬಂಧನ ಆಯಿತು, ಆಗಬೇಕಾದದ್ದೇ. ಆದರೆ 'ಹಳ್ಳಿ ಮಂದಿನ್ನೆಲ್ಲ ಕಾಡಿನಿಂದ ಹೊರಗ ಹಾಕ್ರಿ' ಅನ್ನೋರ ಜೋಡಿ ನನ್ನ ಜಗಳ ಅದ.

3/5
ನಾವು ಬಿಕಾಂ ಮಂದಿ, ಲೆಕ್ಕ ನೋಡೂಣು. 2022ರ ಗಣತಿ ಪ್ರಕಾರ ಕರ್ನಾಟಕದಲ್ಲಿ 563 ಹುಲಿ, ದೇಶಕ್ಕೇ ಎರಡನೇ ಸ್ಥಾನ. ಹೆಮ್ಮೆ ನಮ್ಮದು. ಟಿಕೆಟ್ ರೊಕ್ಕ ಸಫಾರಿ ನಡೆಸೋರದು, ರೂಮಿನ ಬಾಡಿಗೆ ರೆಸಾರ್ಟಿನದು, ಲೈಕು ಫೋಟೋ ತಗದವರದು. ಸತ್ತ ಆಕಳ? ಒಬ್ಬ ರೈತನ ಖಾತೆಗೆ. ಆದಾಯ ಒಬ್ಬರ ಪುಸ್ತಕದಾಗ, ಖರ್ಚು ಇನ್ನೊಬ್ಬರ ಪುಸ್ತಕದಾಗ. ಪರೀಕ್ಷೆಯಾಗ ಹಿಂಗ ಬರದ್ರ ಮಾರ್ಕ್ಸ್ ಬರ್ತಾವೇನು? ಪರಿಹಾರ ಅದ, ಖರೆ. ಆದ್ರ ಅರ್ಜಿ, ಸ್ಥಳ ಪರಿಶೀಲನೆ, ಪಶುವೈದ್ಯರ ವರದಿ ಅಂತ ಓಡಾಡಿ ಕಳಕೊಂಡ ದಿನಗೂಲಿನೂ ಅವನದೇ.

4/5
ಮಂದಿ ಇದ್ದಲ್ಲಿ ಹುಲಿ ಉಳಿಯೂದಿಲ್ಲ ಅಂತೀರಿ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯಿತು. ಅದೇ ವರ್ಷ ಅಲ್ಲಿಯ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಇವತ್ತಿಗೂ ಸೋಲಿಗರೂ ಅಲ್ಲೇ ಇದ್ದಾರ, ಹುಲಿನೂ ಅಲ್ಲೇ ಅದಾವ. ಬಂಡೀಪುರ, ನಾಗರಹೊಳೆ ಸುತ್ತ 2015ರಿಂದ 'ವೈಲ್ಡ್ ಸೇವೆ' ನಡದದ. ಫೋನ್ ಮಾಡಿದ್ರ ಕಾರ್ಯಕರ್ತರೇ ಊರಿಗೆ ಬಂದು ಪರಿಹಾರದ ಅರ್ಜಿ ತುಂಬಲಿಕ್ಕೆ ನೆರವಾಗ್ತಾರ. ಅಂದ್ರ ಮನಸ್ಸು ಮಾಡಿದ್ರ ದಾರಿ ಅದ.

5/5
ನಾವು ಕೇಳಬೇಕಾದದ್ದು ಇಷ್ಟು: ಆಕಳ ಸತ್ತ ವಾರದೊಳಗ ಸಂತಿ ದರದಷ್ಟು ರೊಕ್ಕ ರೈತನ ಕೈಗೆ. ಸಫಾರಿ ಆದಾಯದಾಗ ಕಾಡಂಚಿನ ಊರಿಗೆ ಪಾಲು. ಕಾಡು ಕಾಯೋ ಗುತ್ತಿಗೆ ನೌಕರರಿಗೆ ತಿಂಗಳಾ ಪಗಾರ.

ನಮ್ಮ ಮಾಳಮಡ್ಡಿಯಿಂದ ದಾಂಡೇಲಿ ಏನು ದೂರ? ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕ ಟ್ರಿಪ್ ಹೋಗ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ 'ಹುಲಿ ಉಳಿಸಿ' ಅಂತ ಸ್ಟೋರಿ ಹಾಕೂಕಿಂತ ಮೊದ್ಲ ಅಲ್ಲಿ ದನ ಕಾಯೋ ಅಜ್ಜಗ ಒಂದು ಮಾತು ಕೇಳ್ರಿ: ಈ ವರ್ಷ ಎಷ್ಟು ದನ ಹೋದ್ವು, ಎಷ್ಟಕ್ಕ ರೊಕ್ಕ ಬಂತು?

#ಹುಲಿ #ಕಾಡಂಚು #ಧಾರವಾಡ