ಕಾಡು ಯಾರದ್ದು ಎಂದು ಕೇಳದ ಮರುಕಥೆಗಳು

ಕಥಾ ಕಮ್ಮಟಗಳಲ್ಲಿ ಗ್ರಿಮ್ ಸಹೋದರರ ಒಂದು ಕತೆ ಕೊಟ್ಟು ‘ಇದನ್ನು ನಿಮ್ಮದಾಗಿಸಿ ಬರೆಯಿರಿ’ ಅನ್ನುವುದು ಈಗ ಮಾಮೂಲು. ಬರುವ ಕತೆಗಳೂ ಮಾಮೂಲೇ. ಸ್ನೋವೈಟ್ ರಾಜಕುಮಾರನನ್ನು ಒಲ್ಲೆ ಅನ್ನುತ್ತಾಳೆ, ಮಾಟಗಾತಿ ಒಳ್ಳೆಯವಳಾಗುತ್ತಾಳೆ, ತೋಳ ತನ್ನ ಕಷ್ಟ ತೋಡಿಕೊಳ್ಳುತ್ತದೆ. ಕೊನೆಗೊಂದು ಭಾಷಣ. ಇದನ್ನು ಮರುಕಥನ ಅನ್ನಲು ನನಗೆ ಮನಸ್ಸಿಲ್ಲ. ಅಂಗಿಯನ್ನು ಒಳಹೊರಗು ಮಾಡಿ ತೊಟ್ಟರೆ ಅದು ಹೊಸ ಅಂಗಿಯಾಗುವುದಿಲ್ಲ.

ನನ್ನ ತಕರಾರು ಗ್ರಿಮ್ ಮೇಲಲ್ಲ, ನಾವು ಓದುವ ರೀತಿಯ ಮೇಲೆ. ‘ಹಾನ್ಸೆಲ್ ಮತ್ತು ಗ್ರೇಟಲ್’ ತೆಗೆದುಕೊಳ್ಳಿ. 1812ರ ಮೊದಲ ಆವೃತ್ತಿಯಲ್ಲಿ ಮಕ್ಕಳನ್ನು ಕಾಡಿಗೆ ಬಿಟ್ಟು ಬರೋಣ ಅನ್ನುವವಳು ಹೆತ್ತ ತಾಯಿ. ಮನೆಯಲ್ಲಿ ತಿನ್ನಲು ಏನೂ ಇಲ್ಲ, ಅದಕ್ಕೆ. ವಿಲ್‌ಹೆಲ್ಮ್ ಗ್ರಿಮ್ ತಿದ್ದುತ್ತಾ ಹೋಗಿ, 1857ರ ಏಳನೆಯ ಆವೃತ್ತಿಯ ಹೊತ್ತಿಗೆ ಅವಳು ಮಲತಾಯಿಯಾಗಿದ್ದಾಳೆ. ಹಸಿವು ಮಾಡಿಸಿದ ಕೆಲಸವೆಲ್ಲ ಒಬ್ಬ ಕೆಟ್ಟ ಹೆಂಗಸಿನ ತಲೆಗೆ ಬಂತು. ಮಲತಾಯಿಗೆ ನ್ಯಾಯ ಕೊಡಿಸಲು ಹೊರಟ ನಮ್ಮ ಕತೆಗಾರರು ಅವಳು ಮಲತಾಯಿ ಆದದ್ದು ಹೇಗೆ ಎಂದೇ ಕೇಳುವುದಿಲ್ಲ.

ಕಾಡಿನದೂ ಅದೇ ಪಾಡು. ಆ ಮಕ್ಕಳ ಅಪ್ಪ ಸೌದೆ ಕಡಿಯುವವನು. ಗ್ರಿಮ್ ಸಹೋದರರ ಕಾಲದ ಜರ್ಮನಿಯಲ್ಲೇ ಬಡವರು ಕಾಡಿನಲ್ಲಿ ಬಿದ್ದ ಪುಳ್ಳೆ ಆಯುವುದು ಕಳ್ಳತನದ ಲೆಕ್ಕಕ್ಕೆ ಸೇರತೊಡಗಿತ್ತು. ರೈನ್ ಪ್ರಾಂತದ ಸೌದೆ ಕಳವಿನ ಕಾನೂನನ್ನು 1842ರಲ್ಲಿ ಪತ್ರಿಕೆಯಲ್ಲಿ ತರಾಟೆಗೆ ತೆಗೆದುಕೊಂಡವನು ಯುವಕ ಕಾರ್ಲ್ ಮಾರ್ಕ್ಸ್. ಅದಕ್ಕೂ ಎರಡು ವರ್ಷ ಮುಂಚೆ ಯಾಕೋಬ್ ಗ್ರಿಮ್ ಹಳ್ಳಿಗಳ ಕಟ್ಟುಕಟ್ಟಳೆಗಳ ಸಂಗ್ರಹವನ್ನು ಹೊರತರಲು ಶುರುಮಾಡಿದ್ದ. ಕಾಡು, ಹುಲ್ಲುಗಾವಲುಗಳ ಮೇಲೆ ಯಾರಿಗೆ ಏನು ಹಕ್ಕು ಅನ್ನುವುದೂ ಅದರಲ್ಲಿ ಬರುತ್ತದೆ. ಅಂದರೆ ಕತೆ ಕೂಡಿಸಿದ ಮನುಷ್ಯನೇ ಕಾಡಿನ ಹಕ್ಕಿನ ಮಾತನ್ನೂ ಕೂಡಿಸಿದ. ನಮ್ಮ ಮರುಕಥೆಗಳಲ್ಲಿ ಮಾತ್ರ ಕಾಡು ಇನ್ನೂ ಬರೀ ಕತ್ತಲೆ.

ಅದೂ ಎಲ್ಲಿ ಕೂತು ಬರೆಯುತ್ತಿದ್ದೇವೆ? ನಾನು ಪಿರಿಯಾಪಟ್ಟಣದವಳು, ಮೈಸೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಕೆ.ಆರ್. ನಗರದ ಗೆಳತಿಯರಿಗೆ ಗದ್ದೆಬಯಲೇ ಹೆಚ್ಚು ಪರಿಚಯ, ಬಿಡಿ. ಹುಣಸೂರು, ಎಚ್.ಡಿ. ಕೋಟೆ ಕಡೆಯವರಿಗೆ ನಾಗರಹೊಳೆ ಹಿತ್ತಲಿದ್ದ ಹಾಗೆ. ಆ ಕಾಡಿನ ಹಾಡಿಗಳಿಂದ ಎಬ್ಬಿಸಿದ ಜೇನುಕುರುಬರು, ಎರವರು ಈ ತಾಲ್ಲೂಕುಗಳಲ್ಲೇ ಇದ್ದಾರೆ. ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರ ವರದಿಯಲ್ಲಿ ಪುನರ್ವಸತಿ ಸಿಗಬೇಕಾದ 3,418 ಕುಟುಂಬಗಳ ಲೆಕ್ಕ ಕೊಟ್ಟಿತು. ಇವರಿಗೆ ಕಾಡು ಮಕ್ಕಳನ್ನು ಬಿಟ್ಟುಬರುವ ಜಾಗವಲ್ಲ, ಮಕ್ಕಳು ಹುಟ್ಟಿದ ಜಾಗ. ಇಲ್ಲಿ ಹಾನ್ಸೆಲ್ ಬೆಣಚುಕಲ್ಲು ಉದುರಿಸಬೇಕಾದದ್ದು ಕಾಡಿನಿಂದ ಹೊರಗೆ ಬರುವಾಗ. ಸಕ್ಕರೆ ಮನೆ ಯಾವುದು? ಸಾಲಾಗಿ ಕಟ್ಟಿಕೊಟ್ಟ ಕಾಲೊನಿ ಮನೆಯೋ, ಕಬಿನಿ ಹಿನ್ನೀರಿನ ದಡದ ರೆಸಾರ್ಟೋ? ಈ ಪ್ರಶ್ನೆ ಹಾಕಿಕೊಂಡ ಒಂದು ಮರುಕಥೆಯನ್ನೂ ನಾನು ಕಮ್ಮಟಗಳಲ್ಲಿ ಕೇಳಿಲ್ಲ.

‘ಗ್ರಿಮ್ ಯಾಕೆ, ನಮ್ಮ ಅಜ್ಜಿಕತೆ ಸಾಲದೆ?’ ಅನ್ನುವ ಮೇಷ್ಟ್ರುಗಳಿದ್ದಾರೆ. ಅದೂ ಸೋಮಾರಿತನವೇ. ನಮ್ಮ ಎಷ್ಟೋ ಅಜ್ಜಿಕತೆಗಳಲ್ಲೂ ಕಾಡು ಅಂದರೆ ರಾಕ್ಷಸಿಯ ಮನೆ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಕತೆಗಳಿಂದ ಗಿರೀಶ ಕಾರ್ನಾಡರು 1988ರಲ್ಲಿ ‘ನಾಗಮಂಡಲ’ ಬರೆದಾಗ ಹಾವನ್ನು ಒಳ್ಳೆಯದು ಮಾಡಿ ಕೈತೊಳೆದುಕೊಳ್ಳಲಿಲ್ಲ. ಕತೆಯನ್ನೇ ಹೆಣ್ಣಾಗಿ ರಂಗಕ್ಕೆ ತಂದು, ತನ್ನನ್ನು ಹೇಳದೆ ಬಚ್ಚಿಟ್ಟುಕೊಂಡವಳ ಮೇಲೆ ದೂರು ಹೇಳಿಸಿದರು. ಕತೆ ಊರಿನದೋ ಹೊರಗಿನದೋ ಎಂಬುದಲ್ಲ, ಅದಕ್ಕೆ ಯಾವ ಪ್ರಶ್ನೆ ಹಾಕುತ್ತೇವೆ ಎಂಬುದು ನನ್ನ ಜಗಳ.

‘ಇದೆಲ್ಲ ರಾಜಕೀಯ, ಕತೆಗೆ ಭಾರ’ ಎಂದು ಗೆಳೆಯರು ಹೇಳುತ್ತಾರೆ. ಭಾಷಣವಾದರೆ ಭಾರ, ನಿಜ. ನಾನು ಕೇಳುತ್ತಿರುವುದು ವಿವರ. ಬ್ರೆಡ್ಡಿನ ಚೂರಿನ ಬದಲು ರಾಗಿರೊಟ್ಟಿ ಇಟ್ಟರೆ ವಿವರ ಬಂದ ಹಾಗಲ್ಲ. ಜೇನು ಹುಡುಕಿಕೊಂಡು ಹೊರಟ ಆ ಅಣ್ಣತಂಗಿಯನ್ನು ಚೆಕ್‌ಪೋಸ್ಟಿನಲ್ಲಿ ಯಾರು ನಿಲ್ಲಿಸಿದರು, ಯಾವ ಊರು ಅಂತ ಕೇಳಿದಾಗ ಮಕ್ಕಳು ಯಾವ ಹೆಸರು ಹೇಳಿದರು, ಅಲ್ಲಿಂದ ಶುರುಮಾಡಿ. ಮಾಟಗಾತಿಯನ್ನು ಆಮೇಲೆ ನೋಡಿಕೊಳ್ಳೋಣ.