ಬಿಳಿಮೀನೂ ಗಾಳದ ವಿದ್ಯೆಯೂ

ನದಿಯ ದಡದಲ್ಲಿ ಜಮೀನುಳ್ಳವರು ನದಿಯನ್ನು ನೀರಾವರಿಯ ದೃಷ್ಟಿಯಿಂದ ಮಾತ್ರ ನೋಡುವುದು ವಾಡಿಕೆ. ನಾಲೆಗೆ ಎಷ್ಟು ನೀರು ಬಂದಿತು, ಬೇಸಗೆಯಲ್ಲಿ ಪಂಪಿಗೆ ಎಷ್ಟು ದಿನ ಸಿಕ್ಕೀತು, ಪ್ರವಾಹದಲ್ಲಿ ದಡ ಎಷ್ಟು ಕೊಚ್ಚಿಹೋಯಿತು ಎಂಬಷ್ಟಕ್ಕೇ ಅವರ ವಿಚಾರವು ನಿಲ್ಲುವುದು. ಅದೇ ನೀರಿನ ಆಳದಲ್ಲಿ ವಾಸಮಾಡುವ ಒಂದು ದೊಡ್ಡ ಜೀವಿಯ ವಿಷಯವನ್ನು ಬಲ್ಲವರು ಊರೊಂದಕ್ಕೆ ಇಬ್ಬರೋ ಮೂವರೋ ಇದ್ದಾರು. ಅದೇ ಬಿಳಿಮೀನು. ಉತ್ತರ ಹಿಂದೂಸ್ಥಾನದವರು ಇದರ ಜಾತಿಯನ್ನು ಮಹಶೀರ್ ಎಂದು ಕರೆಯುವರು. ಇದನ್ನು ಗಾಳದಿಂದ ಹಿಡಿಯುವುದು ಸಿರಿವಂತರ ವಿನೋದವೆಂದೂ, ರೈತರಿಗೂ ಗ್ರಾಮದ ಹಿರಿಯರಿಗೂ ಅದರಿಂದ ಆಗಬೇಕಾದ್ದು ಏನೂ ಇಲ್ಲವೆಂದೂ ಅನೇಕರ ಅಭಿಪ್ರಾಯ. ಈ ಅಭಿಪ್ರಾಯವು ಸರಿಯಲ್ಲ. ಗಾಳದ ವಿದ್ಯೆಯೆಂಬುದು ನದಿಯನ್ನು ತಿಳಿಯುವ ವಿದ್ಯೆ. ಆ ತಿಳಿವಳಿಕೆಯು ದಡದವರಿಂದ ತೊಲಗಿದರೆ ಮೀನಿನ ನಾಶವು ಯಾರ ಗಮನಕ್ಕೂ ಬಾರದೆ ನಡೆದುಹೋಗುವುದು.

ಮೊದಲು ಈ ಮೀನಿನ ಸ್ವರೂಪವನ್ನು ತಿಳಿಯುವುದು ಯುಕ್ತ. ಕಾಟ್ಲ, ರೋಹು ಮುಂತಾದ ಕೆರೆಯ ಮೀನುಗಳ ಕುಲಕ್ಕೇ ಇದೂ ಸೇರಿದ್ದು. ಯೂರೋಪಿನ ನದಿಗಳಲ್ಲಿರುವ ಬಾರ್ಬೆಲ್ ಎಂಬ ಮೀನಿಗೆ ಇದು ದಾಯಾದಿ. ಆದರೆ ಗಾತ್ರದಲ್ಲಿ ಆ ಮೀನು ಇದರ ಮುಂದೆ ಮಗುವಿನಂತೆ. ಬಾಯಿಯ ಬಳಿ ಎರಡು ಜೊತೆ ಮೀಸೆಗಳುಂಟು. ದವಡೆಯಲ್ಲಿ ಹಲ್ಲುಗಳಿಲ್ಲ, ಗಂಟಲಿನೊಳಗೆ ಮಾತ್ರ ಬಲವಾದ ಹಲ್ಲುಗಳಿದ್ದು, ಏಡಿ, ಶಂಖದ ಹುಳು ಮುಂತಾದುವನ್ನು ಅಲ್ಲಿಯೇ ನುಚ್ಚುಮಾಡಿ ನುಂಗುವುದು. ಬಲವಿಲ್ಲದ ಗಾಳದ ಕೊಕ್ಕೆಯೂ ಆ ಹಿಡಿತದಲ್ಲಿ ಚಪ್ಪಟೆಯಾಗುವುದುಂಟು. ಕಾವೇರಿಗೂ ಅದರ ಉಪನದಿಗಳಿಗೂ ಮೀಸಲಾದ ಜಾತಿಯೊಂದರ ಬೆನ್ನು ಎತ್ತಿನ ಹಿಣಿಲಿನಂತೆ ಉಬ್ಬಿ, ಈಜುರೆಕ್ಕೆಗಳು ಕಿತ್ತಳೆಯ ಬಣ್ಣವಾಗಿರುವುವು. 1946ನೆಯ ಇಸವಿಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿ ನದಿಯಲ್ಲಿ ಗಾಳದಿಂದ ಹಿಡಿದ ಮೀನು 120 ಪೌಂಡು, ಎಂದರೆ ಅರ್ಧ ಕ್ವಿಂಟಾಲಿಗೂ ಮಿಗಿಲು ತೂಗಿತು.

ಗಾಳದ ವಿದ್ಯೆಯು ಇಂಗ್ಲಿಷರು ತಂದುಕೊಟ್ಟದ್ದೆಂದು ಭಾವಿಸುವುದೂ ತಪ್ಪು. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದವೆಂಬ ಒಂದು ಪ್ರಕರಣವೇ ಇರುವುದು. ಮೀನಿನ ಬಗೆಗಳು, ಆಯಾ ಮೀನಿಗೆ ತಕ್ಕ ಆಹಾರ, ಗಾಳ, ದಾರ ಇವುಗಳನ್ನು ಅಲ್ಲಿ ಹೇಳಿದೆ. ಏಳು ಶತಮಾನಗಳ ತರುವಾಯ ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು 1873ರಲ್ಲಿ ಹಿಂದೂದೇಶದ ಗಾಳದ ಮೀನುಗಾರಿಕೆಯ ಮೇಲೆ ಗ್ರಂಥ ಬರೆದರು. ಅದಕ್ಕೂ ಮೊದಲೇ ಆ ಜಿಲ್ಲೆಯ ಮೀನಿನ ವಿಷಯದಲ್ಲಿ ಸರ್ಕಾರಕ್ಕೆ ವರದಿಯನ್ನು ಒಪ್ಪಿಸಿದ್ದರು. ವಿನೋದಕ್ಕಾಗಿ ಗಾಳ ಹಿಡಿದವರೇ ಮೀನಿನ ರಕ್ಷಣೆಯ ಚಿಂತೆಯನ್ನೂ ಹಚ್ಚಿಕೊಂಡರೆಂಬುದು ಇಲ್ಲಿ ಗಮನಿಸತಕ್ಕ ಅಂಶ.

ಇನ್ನು ಈ ವಿದ್ಯೆಯ ಕ್ರಮ. ಕಾವೇರಿಯಲ್ಲಿ ಮಳೆಗಾಲದ ಕೆಂಪುನೀರು ಇಳಿದು, ಹೊಳೆ ತಿಳಿಯಾದ ಮೇಲೆ ಸಂಕ್ರಾಂತಿಯಿಂದ ಯುಗಾದಿಯವರೆಗೆ ಒಳ್ಳೆಯ ಕಾಲ. ಆಗಲೂ ನೀರು ಥಟ್ಟನೆ ಏರಿದರೆ ಮೀನು ಎರೆಯ ಕಡೆಗೆ ತಿರುಗಿಯೂ ನೋಡದು. ಬಿಳಿಮೀನು ಎಲ್ಲೆಂದರಲ್ಲಿ ನಿಲ್ಲತಕ್ಕದ್ದಲ್ಲ. ರಭಸದ ನೀರು ಮಡುವಿಗೆ ಬಂದು ಬೀಳುವ ಕಡೆ, ಮುಳುಗಿದ ಬಂಡೆಯ ಮರೆಯಲ್ಲಿ, ಎರಡು ಹರಿವುಗಳು ಕೂಡುವ ಅಂಚಿನಲ್ಲಿ, ತನಗೆ ಶ್ರಮವಾಗದಂತೆಯೂ ಆಹಾರವು ತೇಲಿಬರುವಂತೆಯೂ ನಿಲ್ಲುವುದು. ನೀರಿನ ಮೇಲ್ಮೈಯ ಒಂದು ಸುಕ್ಕನ್ನು ಕಂಡು ಅಡಿಯಲ್ಲಿರುವ ಬಂಡೆಯ ಆಕಾರವನ್ನು ಹೇಳಬಲ್ಲವನೇ ನಿಜವಾದ ಗಾಳಗಾರ. ಇದು ಪುಸ್ತಕದಿಂದ ಬರುವುದಲ್ಲ. ಬೇಸಗೆಯಲ್ಲಿ ನೀರು ಬತ್ತಿದಾಗ ಹೊಳೆಯ ತಳವನ್ನು ಕಾಲಿನಿಂದ ತುಳಿದು ತಿಳಿದವರಿಗೆ ಮಾತ್ರ ಲಭ್ಯ. ಆದ್ದರಿಂದಲೇ ದೂರದ ದೇಶಗಳಿಂದ ಬೆಲೆಬಾಳುವ ಸಲಕರಣೆಗಳನ್ನು ತಂದವರೂ ದಡದ ಹಳ್ಳಿಗರನ್ನು ಮುಂದಿಟ್ಟುಕೊಂಡೇ ಗಾಳ ಹಾಕುತ್ತಿದ್ದರು.

ಎರೆಯ ವಿಷಯದಲ್ಲಿಯೂ ಹಳ್ಳಿಯ ಜ್ಞಾನವೇ ಮೇಲು. ಏಡಿ, ಸಣ್ಣ ಮೀನು ಇವುಗಳೂ ಸಲ್ಲುವುವು. ಆದರೆ ಕಾವೇರಿಯಲ್ಲಿ ಹೆಸರಾದದ್ದು ರಾಗಿಹಿಟ್ಟಿನ ಮುದ್ದೆ. ಊಟದ ಮುದ್ದೆಗಿಂತ ಇದನ್ನು ಗಟ್ಟಿಯಾಗಿ ನಾದಿ, ಉಂಡೆಕಟ್ಟಿ ಬೇಯಿಸುವರು. ಮೆತ್ತಗಾದರೆ ಸಣ್ಣ ಮೀನುಗಳು ಕಚ್ಚಿ ಕದಡಿಬಿಡುವುವು. ಅತಿ ಗಟ್ಟಿಯಾದರೆ ಕೊಕ್ಕೆಯು ಮೀನಿನ ಬಾಯಿಗೆ ನಾಟದು. ಹದ ತಿಳಿಯುವುದು ಕೈಯ ಅನುಭವದಿಂದಲೇ. ಎರೆಯು ತಳಕ್ಕೆ ಇಳಿದ ಮೇಲೆ ಬಂಡೆಯ ಮೇಲೆ ಅಲುಗಾಡದೆ ಕುಳಿತು, ದಾರವನ್ನು ಬೆರಳಿನ ಮೇಲೆ ಇಟ್ಟುಕೊಂಡು ಕಾಯಬೇಕು. ಸಣ್ಣ ಮೀನಿನ ತಿವಿತಕ್ಕೂ ದೊಡ್ಡ ಮೀನಿನ ತುತ್ತಿಗೂ ಇರುವ ಭೇದವನ್ನು ಆ ಬೆರಳೇ ಹೇಳುವುದು. ಹಗಲೆಲ್ಲ ಕಾದು ಬರಿಗೈಯಲ್ಲಿ ಮರಳುವುದು ಅಪರೂಪವಲ್ಲ.

ಮೀನು ಕಚ್ಚಿತೆಂದರೆ ಮೊದಲ ಓಟದಲ್ಲಿಯೇ ನೂರಾರು ಅಡಿ ದಾರವನ್ನು ಸೆಳೆದುಕೊಂಡು ಹರಿವಿನ ದಿಕ್ಕಿಗೆ ಧಾವಿಸುವುದು. ಆಗ ಬಲಪ್ರಯೋಗ ಮಾಡಿದವನು ದಾರವನ್ನು ಕಳೆದುಕೊಳ್ಳುವನು. ಸಡಿಲ ಬಿಟ್ಟವನು ಮೀನನ್ನು ಕಳೆದುಕೊಳ್ಳುವನು. ಕೆಲವು ಸಾರಿ ಮೀನು ಬಂಡೆಯ ಸಂದಿಗೆ ನುಗ್ಗಿ, ಹಟಮಾರಿ ಎತ್ತಿನಂತೆ ಅಲ್ಲಿಯೇ ನಿಂತುಬಿಡುವುದು. ಆಗ ಹರಿಗೋಲಿನಲ್ಲಿ ಹೋಗಿ ದಾರವನ್ನು ಬಂಡೆಯಿಂದ ಬಿಡಿಸಬೇಕು. ಸುಳಿಯ ನಡುವೆ ಹರಿಗೋಲನ್ನು ನಿಲ್ಲಿಸುವುದು ಗಾಳ ಹಿಡಿಯುವುದಕ್ಕಿಂತ ಕಡಮೆಯ ವಿದ್ಯೆಯೇನೂ ಅಲ್ಲ. ಕಡೆಗೆ ದಣಿದ ಮೀನನ್ನು ದಡಕ್ಕೆ ತಂದು, ತೂಗಿ, ಗುರುತು ಬರೆದುಕೊಂಡು, ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಅದಕ್ಕೆ ಉಸಿರು ತಿರುಗಿದ ಮೇಲೆ ನೀರಿಗೆ ಬಿಡುವುದು ಈಚಿನ ಪದ್ಧತಿ.

ಇದಕ್ಕೆ ಎದುರಾಗಿ ತೋಟೆಯ ಬೇಟೆಯನ್ನು ಇಟ್ಟು ನೋಡಬೇಕು. ಮಡುವಿಗೆ ಒಂದು ತೋಟೆಯನ್ನು ಎಸೆಯಲು ಯಾವ ವಿದ್ಯೆಯೂ ಬೇಡ, ಯಾವ ತಾಳ್ಮೆಯೂ ಬೇಡ. ದೊಡ್ಡದು, ಸಣ್ಣದು, ಮೊಟ್ಟೆಯಿಂದ ತುಂಬಿದ್ದು ಎಂಬ ಭೇದವಿಲ್ಲದೆ ಸಕಲವೂ ಸಾಯುವುವು. ಸತ್ತವುಗಳಲ್ಲಿ ಬಹುಭಾಗ ತಳಕ್ಕೆ ಮುಳುಗಿ ಹಿಡಿದವನಿಗೂ ದಕ್ಕದೆ ಕೊಳೆಯುವುವು. ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನನ್ನು ಕೊಲ್ಲುವುದನ್ನು 1897ರ ಶಾಸನವೇ ಅಪರಾಧವೆಂದು ಸಾರಿತು. ಆದರೂ ಈ ಕೃತ್ಯವು ನಿಂತಿಲ್ಲ. ಬಿತ್ತನೆಯ ಕಾಳನ್ನು ಹುರಿದು ತಿನ್ನುವ ರೈತನನ್ನು ಊರೆಲ್ಲ ನಿಂದಿಸುವುದು. ಮಡುವಿನ ಬಿತ್ತನೆಯನ್ನು ಹುರಿದು ತಿನ್ನುವವನನ್ನು ಮಾತ್ರ ಊರು ಸುಮ್ಮನೆ ನೋಡುವುದು ವಿಚಿತ್ರ.

ಗಾಳಗಾರರ ಲೆಕ್ಕದ ಪುಸ್ತಕದಿಂದ ತಿಳಿದುಬಂದ ಸಂಗತಿಯೊಂದುಂಟು. ಶಿವನಸಮುದ್ರದಿಂದ ಕೆಳಗೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಎಂಬಲ್ಲಿ ಗಾಳದ ಶಿಬಿರಗಳು ನಡೆಯುತ್ತಿದ್ದುವು. 1998ರಿಂದ 2012ರವರೆಗೆ ಗಾಲಿಬೋರೆಯಲ್ಲಿ ಹಿಡಿದು ಬಿಟ್ಟ ಮೀನಿನ ಲೆಕ್ಕವನ್ನು ವಿದ್ವಾಂಸರು ಪರಿಶೀಲಿಸಿದರು. ಅವು ಆರು ಸಾವಿರಕ್ಕೂ ಮಿಗಿಲು. ಒಟ್ಟು ಮೀನಿನ ಸಂಖ್ಯೆಯು ವರ್ಷೇ ವರ್ಷೇ ಹೆಚ್ಚಿದಂತೆ ಕಂಡಿತು. ಆದರೆ ಕಿತ್ತಳೆ ರೆಕ್ಕೆಯ ಸ್ವಂತ ಜಾತಿಯು ಮಾತ್ರ ಕಡಮೆಯಾಗುತ್ತ ಬಂದು, ಸಿಕ್ಕಿದವು ದೊಡ್ಡವೇ ಆಗಿದ್ದುವು. ದೊಡ್ಡ ಮೀನು ಸಿಕ್ಕಿತೆಂದು ಹಿಗ್ಗುವುದಕ್ಕೆ ಇದು ಕಾರಣವಲ್ಲ. ಮುದುಕರು ಮಾತ್ರ ಉಳಿದು ಮಕ್ಕಳ ಸದ್ದು ಕೇಳಿಸದ ಊರಿನ ಸ್ಥಿತಿಯೇ ಆ ಮಡುವಿನ ಸ್ಥಿತಿ. ಹೆಚ್ಚಿದ್ದು ನೀಲಿ ರೆಕ್ಕೆಯ ಬೇರೊಂದು ಜಾತಿ. ಕೃಷ್ಣಾ ನದಿಯ ಸೀಮೆಯ ಆ ಮೀನನ್ನು ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿ, ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೆ ಬಿಟ್ಟಿದ್ದರು. ತನ್ನ ಹೊಲದ ತಳಿಯನ್ನು ವಿಚಾರಿಸದೆ ಪರಸ್ಥಳದ ಬೀಜವನ್ನು ಚೆಲ್ಲಿದರೆ ಏನಾದೀತೆಂಬುದು ಜಮೀನುದಾರರಿಗೆ ಹೇಳಬೇಕಾದ ಮಾತಲ್ಲ. ಉಬ್ಬುಬೆನ್ನಿನ ಮೀನಿಗೆ ಶಾಸ್ತ್ರೀಯವಾದ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅತ್ಯಂತ ಗಂಡಾಂತರದ ವರ್ಗಕ್ಕೆ ಅದು ಸೇರಿತು.

ಅಭಯಾರಣ್ಯದೊಳಗಿನ ಗಾಳದ ಶಿಬಿರಗಳು ವನ್ಯಜೀವಿ ಕಾನೂನಿನ ಕಾರಣ 2012ರಲ್ಲಿ ನಿಂತುವು. ಜೀವಿಗಳಿಗೆ ಹಿಂಸೆಯಾಗಬಾರದೆಂಬುದು ನ್ಯಾಯವಾದ ಮಾತು. ಕಾನೂನನ್ನು ಸರ್ವರೂ ಪಾಲಿಸತಕ್ಕದ್ದೇ. ಆದರೆ ಅದರ ಮತ್ತೊಂದು ಮುಖವನ್ನು ಮರೆಯಲಾಗದು. ಹಿಂದೆ ತೋಟೆ ಹಾಕುತ್ತಿದ್ದವರಲ್ಲಿಯೇ ಕೆಲವರು ಶಿಬಿರಗಳಲ್ಲಿ ಸಂಬಳ ಪಡೆದು ಕಾವಲುಗಾರರಾಗಿದ್ದರು. ಹಗಲಿರುಳು ಮಡುವಿನ ಮೇಲಿದ್ದ ಆ ಕಣ್ಣುಗಳು ಶಿಬಿರಗಳೊಂದಿಗೆ ತೆರಳಿದುವು. ಗಾಳವನ್ನು ನಿಲ್ಲಿಸಿದ ಮಾತ್ರಕ್ಕೆ ಮೀನು ಉಳಿಯದು. ಆ ಕಣ್ಣುಗಳ ಸ್ಥಾನವನ್ನು ಯಾರಾದರೂ ತುಂಬಲೇಬೇಕು. ದಡದ ಗ್ರಾಮಗಳವರಲ್ಲದೆ ಬೇರೆ ಯಾರೂ ತುಂಬಲಾರರು.

ಇದು ಆಗದ ಕೆಲಸವೇನೂ ಅಲ್ಲ. ಶೃಂಗೇರಿಯಲ್ಲಿ ತುಂಗೆಯ ಮೀನುಗಳೂ, ರಾಮನಾಥಪುರದಲ್ಲಿ ಕಾವೇರಿಯ ಮೀನುಗಳೂ, ಶಿಶಿಲದಲ್ಲಿ ಕಪಿಲೆಯ ಮೀನುಗಳೂ ದೇವರ ಮೀನುಗಳೆಂಬ ಭಕ್ತಿಯಿಂದ ಬಹುಕಾಲದಿಂದ ರಕ್ಷಿತವಾಗಿವೆ. ಅಲ್ಲಿ ಯಾವ ಅಮಲ್ದಾರನೂ ಕಾವಲಿಲ್ಲ; ಊರವರ ಒಪ್ಪಂದವೇ ಕಾವಲು. ಆದರೆ ಭಕ್ತಿಯೊಂದನ್ನೇ ನಂಬಿ ಮೈಮರೆಯುವಂತೆಯೂ ಇಲ್ಲ. 1996ರಲ್ಲಿ ಶಿಶಿಲದ ಹೊಳೆಗೆ ದುಷ್ಟರು ವಿಷ ಹಾಕಿದ್ದರಿಂದ ಮೀನುಗಳು ರಾಶಿರಾಶಿಯಾಗಿ ಸತ್ತುವು. ಊರವರು ಅವುಗಳ ನೆನಪಿಗೆ ಸ್ಮಾರಕವನ್ನು ನಿಲ್ಲಿಸಿ, ಉಳಿದ ಮೀನುಗಳನ್ನು ಮತ್ತಷ್ಟು ಎಚ್ಚರದಿಂದ ಕಾದರು.

ಆದಕಾರಣ ನದೀತೀರದ ಗ್ರಾಮಪ್ರಮುಖರೂ ಜಮೀನುದಾರರೂ ಕೆಳಗಿನ ಅಂಶಗಳನ್ನು ಮನಸ್ಸಿಗೆ ತಂದುಕೊಳ್ಳುವುದು ಉಚಿತ. ತಮ್ಮ ಎಲ್ಲೆಯೊಳಗಿನ ಆಳವಾದ ಮಡುವೊಂದನ್ನು ಗ್ರಾಮಸಭೆಯಲ್ಲಿ ಗೊತ್ತುಮಾಡಿ, ಅಲ್ಲಿ ಬಲೆಯಾಗಲಿ ತೋಟೆಯಾಗಲಿ ಬೀಳದಂತೆ ಕಟ್ಟುಮಾಡುವುದು. ಕಡುಬೇಸಗೆಯಲ್ಲಿ ಅದೇ ಮಡುವಿಗೆ ಪಂಪುಗಳನ್ನಿಟ್ಟು ತಳ ಕಾಣುವವರೆಗೆ ನೀರೆತ್ತದಿರುವುದು. ಕೀಟನಾಶಕದ ಡಬ್ಬಿಗಳನ್ನೂ ಸಿಂಪಡಿಸುವ ಯಂತ್ರಗಳನ್ನೂ ಹೊಳೆಯಲ್ಲಿ ತೊಳೆಯಗೊಡದಿರುವುದು. ಬಿಳಿಮೀನು ಮುಂಗಾರಿನಲ್ಲಿ ಮೇಲುಹೊಳೆಗೆ ಏರಿ ನೊರಜುಗಲ್ಲುಗಳ ನಡುವೆ ಮೊಟ್ಟೆಯಿಡುವುದರಿಂದ, ಆ ಕಾಲದಲ್ಲಿ ಹಳ್ಳದ ಬಾಯಿಗಳಿಗೆ ಅಡ್ಡಬಲೆ ಕಟ್ಟಗೊಡದೆ, ಮರಳಿನೊಡನೆ ಆ ಕಲ್ಲುಗಳನ್ನೂ ಬಾಚಿಕೊಂಡು ಹೋಗಗೊಡದೆ ನೋಡಿಕೊಳ್ಳುವುದು. ಎಲ್ಲಕ್ಕಿಂತ ಮಿಗಿಲಾಗಿ, ಹೊಳೆಯನ್ನು ಬಲ್ಲ ಹಿರಿಯ ಬೆಸ್ತರನ್ನೂ ಹರಿಗೋಲಿನವರನ್ನೂ ಕರೆದು, ಯಾವ ಮಡುವಿನಲ್ಲಿ ಯಾವ ಮೀನು ಹಿಂದೆ ಇತ್ತು, ಈಗ ಏನಿದೆ, ಮರಿಗಳು ಕಾಣುತ್ತಿವೆಯೇ ಎಂಬುದನ್ನು ಬರೆಯಿಸಿ ಇಡುವುದು.

ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಹಣ ಬೇಕಿಲ್ಲ. ಊರಿನ ಹಿರಿಯರ ಒಂದು ಮಾತು ಸಾಕು. ಬಿಳಿಮೀನು ಬೆಳೆಯುವುದು ನಿಧಾನ. ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ಹಲವು ವರ್ಷ ಬೇಕು. ಈ ವರ್ಷ ಕಾಪಾಡಿದ ಮರಿಯ ಫಲವನ್ನು ಕಾಣುವವರು ಮುಂದಿನ ತಲೆಮಾರಿನವರು. ತೆಂಗನ್ನೂ ಹಲಸನ್ನೂ ನೆಡುವವರಿಗೆ ಈ ಲೆಕ್ಕವು ಹೊಸದಲ್ಲ.