ಬುಧವಾರವಲ್ಲ, ಅಷ್ಟಮಿ

ಹಾಯಿದೋಣಿಯ ಪಂದ್ಯವೆಂದೊಡನೆ ಅದು ಶ್ರೀಮಂತರ ಆಟವೆಂದು ಕೈಬಿಡುವುದು ನಮ್ಮಲ್ಲಿ ರೂಢಿ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. 1846ರಲ್ಲಿ ಹುಟ್ಟಿದ ರಾಯಲ್ ಬಾಂಬೆ ಯಾಟ್ ಕ್ಲಬ್ಬಿನ ಹೊಸ್ತಿಲು ನಮ್ಮಂಥವರಿಗೆ ಎತ್ತರವೇ. ಆದರೆ ಇಂಗ್ಲೆಂಡ್, ಅಮೆರಿಕಗಳ ಸಣ್ಣ ಊರುಗಳಲ್ಲಿ ಬುಧವಾರವೋ ಗುರುವಾರವೋ ಕೆಲಸ ಮುಗಿಸಿದ ಗುಮಾಸ್ತರು, ಬಡಗಿಗಳು, ಶಿಕ್ಷಕರು ಹಳೆಯ ದೋಣಿಗಳನ್ನು ನೀರಿಗಿಳಿಸಿ ಒಂದೆರಡು ಗಂಟೆ ಪಂದ್ಯವಾಡುತ್ತಾರೆ. ಹೇಳಿಕೊಳ್ಳುವಂಥ ಬಹುಮಾನವಿಲ್ಲ, ಪ್ರೇಕ್ಷಕರಿಲ್ಲ. ಸಾಮಾನ್ಯವಾಗಿ ನೀರಿನ ಮೇಲೆ ತೀರ್ಪುಗಾರನೂ ಇರುವುದಿಲ್ಲ; ದಾರಿಯ ನಿಯಮ ಮುರಿದವನು ತಾನೇ ದೋಣಿಯನ್ನು ಎರಡು ಸುತ್ತು ತಿರುಗಿಸಿ, ದಂಡ ತೆತ್ತು ಮುಂದೆ ಸಾಗಬೇಕು. (ನಮ್ಮ ಸಾಹಿತ್ಯ ವಿಮರ್ಶೆಗೂ ಇಂಥದೊಂದು ಕಟ್ಟಳೆ ಇದ್ದಿದ್ದರೆ!)

ಇಂಥ ಸಂಜೆಯ ಪಂದ್ಯ ನಮ್ಮ ಠಾಣೆ ಖಾಡಿಯಲ್ಲಿಯೂ ನಡೆಯಬೇಕೆಂಬುದು ನನ್ನ ವಾದ. ಆದರೆ ಬುಧವಾರವನ್ನು ಹಾಗೆಯೇ ಆಮದು ಮಾಡಿಕೊಂಡರೆ ಕೆಲಸ ಕೆಡುತ್ತದೆ.

ಜೂನ್ ತಿಂಗಳಲ್ಲಿ ಲಂಡನ್ನಿನ ಸೂರ್ಯ ರಾತ್ರಿ 9 ದಾಟಿದ ಮೇಲೆ ಮುಳುಗುತ್ತಾನೆ. ಮುಂಬಯಿಯಲ್ಲಿ ಹೆಚ್ಚೆಂದರೆ 7.20, ಅದೂ ಮಳೆಗಾಲದಲ್ಲಿ, ಹಾಯಿದೋಣಿಗಳು ದಡ ಸೇರಿರುವಾಗ. ಅದಕ್ಕಿಂತ ದೊಡ್ಡ ತೊಡಕು ಉಬ್ಬರವಿಳಿತದ್ದು. ಇಳಿತದಲ್ಲಿ ಖಾಡಿಯ ಅಂಚೆಲ್ಲ ಕೆಸರು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಏಳು ದಿನಕ್ಕೆ ಹತ್ತಿರಹತ್ತಿರ 6 ಗಂಟೆ. ಹೀಗಾಗಿ ಈ ಬುಧವಾರ ಸಂಜೆ ತುಂಬಿದ್ದ ಖಾಡಿ ಮುಂದಿನ ಬುಧವಾರ ಅದೇ ಹೊತ್ತಿಗೆ ಬತ್ತಿರುತ್ತದೆ. ಇಲ್ಲಿ ಸಲ್ಲುವುದು ವಾರದ ಲೆಕ್ಕವಲ್ಲ, ತಿಥಿಯ ಲೆಕ್ಕ. ಹುಣ್ಣಿಮೆ, ಅಮಾವಾಸ್ಯೆಗಳಂದು ಮುಂಬಯಿಯ ಉಬ್ಬರ ನಡುಹಗಲಿನ ಆಸುಪಾಸಿನಲ್ಲಿ; ಅಷ್ಟಮಿಯ ವೇಳೆಗೆ ಅದು ಸಂಜೆ 6ರ ಸುಮಾರಿಗೆ ಸರಿದಿರುತ್ತದೆ. ಅಷ್ಟಮಿಯ ಉಬ್ಬರ ಸಣ್ಣದು, ಸೆಳೆತವೂ ಕಡಿಮೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ದಿನವಿಲ್ಲ. ಶುಕ್ಲದಲ್ಲೊಂದು, ಕೃಷ್ಣದಲ್ಲೊಂದು, ತಿಂಗಳಿಗೆ ಎರಡು ಪಂದ್ಯ. ಗೋಡೆಯ ಪಂಚಾಂಗವೇ ವೇಳಾಪಟ್ಟಿ. ಇಲ್ಲಿನ ಕೋಲಿ ಮೀನುಗಾರರಿಗಾಗಲಿ ಮಲ್ಪೆ, ಗಂಗೊಳ್ಳಿಗಳ ನಮ್ಮ ಹಿರಿಯರಿಗಾಗಲಿ ಈ ಲೆಕ್ಕ ಹೊಸದೇನಲ್ಲ. ಅಷ್ಟಮಿಯಂದು ಹೊಸ ಕೆಲಸ ತೊಡಗಬಾರದೆನ್ನುವವರು ದಡದಲ್ಲಿ ಕುಳಿತು ನೋಡಲಿ.

ಇನ್ನು ಗಾಳಿ. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳುತ್ತ ಏರಬೇಕು. ಅರಬ್ಬಿ ಕಡಲಿನ ಅಪರಾಹ್ನದ ಪಡುಗಾಳಿ ಮುಂಬಯಿಯ ಕಟ್ಟಡಗಳನ್ನೂ ಟ್ರಾಂಬೆಯ ಗುಡ್ಡವನ್ನೂ ಬಳಸಿ ಖಾಡಿಗೆ ಇಳಿಯುವಾಗ ಚೂರಾಗಿ, ಗಳಿಗೆಗೊಂದು ದಿಕ್ಕು ಹಿಡಿಯುತ್ತದೆ. ದಿಕ್ಕು ಬದಲಾಗಿ ದೋಣಿಯ ಮೂತಿ ಗುರಿಯಿಂದ ದೂರ ಸರಿಯಿತೆಂದರೆ ಒಡನೆ ಹೊರಳಬೇಕು. ಗುರಿಯ ಕಡೆಗೆ ವಾಲಿತೆಂದರೆ ತೆಪ್ಪಗೆ ಸಾಗಬೇಕು. ತೇಪೆ ಹಾಕಿದ ಹಾಯಿಯ ಮುದುಕ ನೀರಿನ ಮೇಲಿನ ಕಪ್ಪು ಸುಕ್ಕು ನೋಡಿ ಗಾಳಿಯನ್ನು ಮೊದಲೇ ಅರಿತು, ಹೊಸ ದೋಣಿಯ ತರುಣನನ್ನು ಹಿಂದಿಕ್ಕುವುದು ಇಂಥ ಕಡೆಯೇ. ಶ್ರೀಮಂತರ ಆಟವೆಂಬ ಮಾತಿನ ಉಳಿದರ್ಧ ಅಲ್ಲಿ ಉದುರುತ್ತದೆ.

ವಾಶಿ ಸೇತುವೆಯ ಬಡಗಲ ನೀರು 2015ರಿಂದ ಫ್ಲೆಮಿಂಗೋ ಅಭಯಾರಣ್ಯ. ಅದನ್ನು ಹಕ್ಕಿಗಳಿಗೇ ಬಿಡೋಣ. ತೆಂಕಲ ನೀರು ನಮಗೆ ಸಾಕು. ಬೇಕಾದದ್ದು ಕ್ಲಬ್ಬಿನ ಕಟ್ಟಡವಲ್ಲ. ಯಾರು ಬೇಕಾದರೂ ದೋಣಿ ಇಳಿಸಬಹುದಾದ ಒಂದು ಸಾರ್ವಜನಿಕ ಇಳಿಜಾರು, ಹಂಚಿಕೊಂಡು ಬಳಸುವ ಹತ್ತು ದೋಣಿಗಳು, ಅಷ್ಟಮಿಯಂದು ಬೇಗ ಬಿಡುವ ಒಬ್ಬ ಒಡೆಯ. ಸಂಜೆಯ ಲೋಕಲಿನಲ್ಲಿ ತೂಗುವ ಡೊಂಬಿವಲಿ, ಕಲ್ಯಾಣಗಳ ಗೆಳೆಯರಿಗೆ ಹಣಕ್ಕಿಂತ ದುರ್ಲಭ ಈ ಕೊನೆಯದೇ.

ಏಪ್ರಿಲಿನ ಅಷ್ಟಮಿಯಂದು 5.30ಕ್ಕೆ ಹೊರಟರೆ ಕತ್ತಲಿಗೆ ಮುನ್ನ ಮುಗಿಸಬಹುದು. ಪಡುಗಾಳಿ ಸೂರ್ಯನೊಡನೆಯೇ ಸೊರಗುವುದರಿಂದ ಪ್ರತಿ ದೋಣಿಯಲ್ಲಿ ಎರಡು ಹುಟ್ಟುಗಳೂ ಇರಲಿ.